ರಾಸಾಯನಿಕ ವಿಶ್ಲೇಷಣೆಯ ಪ್ರಾಯೋಗಿಕ ಬೋಧನೆ (ಕರ್ನಾಟಕದಲ್ಲಿ)

ಒಂದು ವಸ್ತುವಿನಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಪತ್ತೆ ಮಾಡುವ ವಿದ್ಯೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಪ್ರಯೋಗ ಮಾಡಿಸಿ ಕಲಿಸುವ ಪದ್ಧತಿ. ಕರ್ನಾಟಕದಲ್ಲಿ ಇದು ಎರಡು ದಾರಿಗಳಲ್ಲಿ ಬೆಳೆದಿದೆ. ಮೊದಲನೆಯದು ಉತ್ತರ ಮೊದಲೇ ಗೊತ್ತಿರುವ ಪರೀಕ್ಷಾ ಕೊಠಡಿಯ ದಾರಿ. ಎರಡನೆಯದು ಯಾರಿಗೂ ಉತ್ತರ ಗೊತ್ತಿಲ್ಲದ ಕೆರೆ, ಬಾವಿ, ಹೊಲಗಳ ದಾರಿ. ಬಹುಪಾಲು ವಿದ್ಯಾರ್ಥಿಗಳು ನಡೆದದ್ದು ಮೊದಲನೆಯದರಲ್ಲೇ.

ಪದ್ಧತಿಯ ಮೂಲ ಜರ್ಮನಿಯಲ್ಲಿದೆ. ಯುಸ್ಟುಸ್ ಲೀಬಿಗ್ 1824ರಲ್ಲಿ ಗೀಸೆನ್ ಸೇರಿದ ಮೇಲೆ ಪ್ರಯೋಗಾಲಯವನ್ನೇ ಪಾಠಶಾಲೆ ಮಾಡಿದ. ಅವನ ಶಿಷ್ಯ ಫ್ರೆಸೇನಿಯಸ್‌ನ ಗುಣಾತ್ಮಕ ವಿಶ್ಲೇಷಣೆಯ ಪುಸ್ತಕ 1841ರಲ್ಲಿ ಹೊರಬಂತು. ಲೋಹಗಳನ್ನು ಗುಂಪು ಗುಂಪಾಗಿ ಬೇರ್ಪಡಿಸುವ ಕ್ರಮ ಜಗತ್ತಿನ ಕಾಲೇಜುಗಳಿಗೆಲ್ಲ ಹಬ್ಬಿದ್ದು ಅಲ್ಲಿಂದ.

ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ನೆಲೆ ಕೊಟ್ಟದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ವಿಜ್ಞಾನ ವಿಭಾಗಗಳು ಅಲ್ಲೇ ಉಳಿದವು. ಅದಕ್ಕೂ ಮೊದಲೇ, 1911ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಆರಂಭಿಸಿತ್ತು. ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳ ಶೋಧದಲ್ಲಿ ರಾಮ್ಸೆಗೆ ಜೊತೆಗಾರನಾಗಿದ್ದ ಮಾರಿಸ್ ಟ್ರಾವರ್ಸ್ ಅದರ ಮೊದಲ ನಿರ್ದೇಶಕ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಮರದ ರಫ್ತು ನಿಂತಾಗ, ಎಣ್ಣೆ ಇಳಿಸುವ ವಿಧಾನವನ್ನು ಇದೇ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ರೂಪಿಸಿಕೊಟ್ಟರು. ಊರಿಗೆ ಬೇಕಾದ ಪ್ರಶ್ನೆಯೊಂದಕ್ಕೆ ಪ್ರಯೋಗಾಲಯ ಉತ್ತರ ಹುಡುಕಿದ ಒಳ್ಳೆಯ ಉದಾಹರಣೆ ಇದು. ಪದವಿ ತರಗತಿಗಳಿಗೆ ಮಾತ್ರ ಆ ಗಾಳಿ ಬೀಸಲಿಲ್ಲ.

ಅಲ್ಲಿ ನೆಲೆನಿಂತದ್ದು ‘ಸಾಲ್ಟ್ ಅನಾಲಿಸಿಸ್’. ಕಿಪ್ಪನ ಉಪಕರಣದಿಂದ ಬರುವ ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆ, ನೈಟ್ರೇಟಿನ ಕಂದು ಉಂಗುರ, ನಿಕಲ್ಲಿನ ಕೆಂಪು ಒತ್ತರ, 1930ರ ದಶಕದಲ್ಲಿ ಬಂದು ಅಧ್ಯಾಪಕರ ಮೇಜು ಬಿಡದ ವೋಗೆಲ್‌ನ ಪುಸ್ತಕಗಳು. ಇಂದಿಗೂ ದ್ವಿತೀಯ ಪಿಯುಸಿಯ ಪ್ರಾಯೋಗಿಕ ಪರೀಕ್ಷೆಗೆ 30 ಅಂಕ. ಸರಳ ಲವಣವೊಂದರ ಪತ್ತೆ, ಪೊಟ್ಯಾಸಿಯಂ ಪರ್ಮಾಂಗನೇಟಿನ ಟೈಟ್ರೇಷನ್, ರೆಕಾರ್ಡ್ ಬುಕ್, ವೈವಾ. ಕೈಗೆ ಹದ ಬರಲು ಇದು ಒಳ್ಳೆಯ ತರಬೇತಿ. ಬ್ಯುರೆಟ್ಟಿನ ಕೊನೆಯ ಹನಿಗೆ ಕಾಯುವ ತಾಳ್ಮೆ ಓದಿನಿಂದ ಬರುವುದಿಲ್ಲ. ಆದರೆ ಲವಣದ ಹೆಸರನ್ನು ಲ್ಯಾಬ್ ಅಟೆಂಡರ್ ಬಾಯಿಂದ ಹೊರಡಿಸುವುದೇ ಸುಲಭದ ‘ವಿಶ್ಲೇಷಣೆ’ ಎಂಬ ನಗೆಮಾತು ಸುಮ್ಮನೆ ಹುಟ್ಟಿದ್ದಲ್ಲ. ಉತ್ತರ ಯಾರಿಗೋ ಗೊತ್ತಿರುವ ಕಡೆ ವಿದ್ಯಾರ್ಥಿ ಪರೀಕ್ಷಿಸುವುದಕ್ಕಿಂತ ಊಹಿಸುವುದೇ ಹೆಚ್ಚು.

ಎರಡನೆಯ ದಾರಿ ತೆರೆದದ್ದು ಬಹುಮಟ್ಟಿಗೆ ಪಠ್ಯದ ಹೊರಗೆ. ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ 1918ರಲ್ಲಿ ‘ವಿಜ್ಞಾನ’ ಪತ್ರಿಕೆ ಆರಂಭಿಸಿ ಕನ್ನಡದಲ್ಲಿ ವಿಜ್ಞಾನ ಹೇಳಬಹುದೆಂದು ತೋರಿಸಿದರು. ಆರು ದಶಕಗಳ ನಂತರ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮತ್ತು ‘ಬಾಲವಿಜ್ಞಾನ’ ಮಾಸಪತ್ರಿಕೆ ಆ ಕೆಲಸವನ್ನು ಶಾಲೆಗಳಿಗೆ ಮುಟ್ಟಿಸಿದವು. ಪತ್ರಿಕೆಯ ಸಂಪಾದಕರಾಗಿದ್ದ ಜೆ. ಆರ್. ಲಕ್ಷ್ಮಣರಾವ್ ರಸಾಯನಶಾಸ್ತ್ರದ ಅಧ್ಯಾಪಕರು, ದಾವಣಗೆರೆ ಸೀಮೆಯ ಜಗಳೂರಿನಲ್ಲಿ ಹುಟ್ಟಿದವರು. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದ ಮಕ್ಕಳಿಗೆ ತಮ್ಮ ಸುತ್ತಲಿನ ಸಮಸ್ಯೆಯನ್ನೇ ಆರಿಸಿಕೊಂಡು ಅಳೆದು ನೋಡಲು ಹೇಳಿತು.

ದಾವಣಗೆರೆ–ಹರಿಹರ ಭಾಗದಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಹರಿಹರದಾಚೆ, ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಮರದ ತಿರುಳು ಮತ್ತು ನಾರಿನ ಉದ್ಯಮ ನಡೆಯುತ್ತಿದೆ. ನದಿ ಮಾಲಿನ್ಯದ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಚಳವಳಿ ನಡೆಸಿತು. ನದಿನೀರಿನ ವಾದ ಕೊನೆಗೆ ಬಂದು ನಿಲ್ಲುವುದು ಬಿಒಡಿ (ಜೀವರಾಸಾಯನಿಕ ಆಮ್ಲಜನಕ ಬೇಡಿಕೆ), ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಅಂಕಿಗಳ ಮೇಲೆ. ಭಾರತದಲ್ಲಿ ಬಿಒಡಿ ನೋಡಲು ನೀರಿನ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಡುತ್ತಾರೆ. ಎರಡು ಗಂಟೆಯ ಪ್ರ್ಯಾಕ್ಟಿಕಲ್ ಪೀರಿಯಡ್ಡಿಗೆ ಇದು ಒಗ್ಗದು.

ಹರಿಹರ ತಾಲ್ಲೂಕಿನ ಕೊಂಡಜ್ಜಿ ಕೆರೆಯಂಥ ಜಾಗದಲ್ಲಿ ಈ ಬೋಧನೆಯ ಸ್ವರೂಪ ಇನ್ನೂ ಸ್ಪಷ್ಟವಾಗುತ್ತದೆ. ಪ್ರಶ್ನೆ ಸರಳ: ಕೆರೆನೀರಿನಲ್ಲಿ ಕರಗಿದ ಆಮ್ಲಜನಕ ಬೆಳಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು? ವಿಧಾನ ಹಂಗೆರಿಯ ವಿಂಕ್ಲರ್ 1888ರಲ್ಲಿ ಕೊಟ್ಟದ್ದು. 300 ಮಿಲಿಲೀಟರ್ ಬಾಟಲಿಯನ್ನು ಗುಳ್ಳೆ ಸೇರದಂತೆ ತುಂಬಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ಹಾಕಬೇಕು. ನೀರಲ್ಲಿ ಆಮ್ಲಜನಕ ಇದ್ದರೆ ಕಂದು ಒತ್ತರ ಇಳಿಯುತ್ತದೆ. ಆಮ್ಲ ಸೇರಿಸಿದಾಗ ಬಿಡುಗಡೆಯಾಗುವ ಅಯೊಡಿನ್ನನ್ನು ಥಯೊಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ, ಪಿಷ್ಟದ ನೀಲಿ ಮಾಯವಾದ ಬಿಂದುವೇ ಉತ್ತರ. ಪಾಚಿ ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಕೆರೆಯ ಜೀವಿಗಳೆಲ್ಲ ಅದನ್ನು ಬಳಸುತ್ತವೆ. ಹಾಗಾಗಿ ಸಾಮಾನ್ಯವಾಗಿ ಬೆಳಗಿನ ಅಂಕಿ ಕಡಿಮೆ. ಮಾದರಿಯನ್ನು ದಡದಲ್ಲಿ ಸ್ಥಿರಗೊಳಿಸದೆ ಬಸ್ಸಿನಲ್ಲಿ ದಾವಣಗೆರೆಗೆ ಒಯ್ದರೆ ಅಂಕಿ ದಾರಿಯಲ್ಲೇ ಬದಲಾಗುತ್ತದೆ. ಮಾದರಿ ತೆಗೆಯುವುದೂ ವಿಶ್ಲೇಷಣೆಯ ಭಾಗವೆಂಬ ಈ ಪಾಠ ಶೀಷೆಯಲ್ಲಿ ಕೊಟ್ಟ ಲವಣದಿಂದ ಎಂದೂ ಸಿಗದು. ಇದೇ ನೀರಿನ ಗಡಸುತನಕ್ಕೆ ಇಡಿಟಿಎ, ಕ್ಲೋರೈಡಿಗೆ ಮೋರ್‌ನ ವಿಧಾನ ಸಾಕು. ಬೇಕಾದ ಗಾಜಿನ ಸಾಮಾನು ಯಾವುದೇ ಪದವಿ ಕಾಲೇಜಿನಲ್ಲಿದೆ.

ಜಗಳೂರು ಕಡೆಯ ಕೊಳವೆಬಾವಿಗಳ ಪ್ರಶ್ನೆ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ಮೂಲವಿಲ್ಲದಾಗ 1.5ರವರೆಗೆ ಸಹನೀಯ. ಫ್ಲೋರೈಡ್ ಹೆಚ್ಚಾದಾಗ ಮೂಡುವ ಹಲ್ಲಿನ ಕಲೆ ನೋಡಿ ಬೆಳೆದ ಮಕ್ಕಳಿಗೆ ದಶಮಾಂಶದ ಬೆಲೆ ಬಿಡಿಸಿ ಹೇಳಬೇಕಿಲ್ಲ. ದಾವಣಗೆರೆಯ ಶಿವಗಂಗೋತ್ರಿಯಲ್ಲಿ 1979ರಿಂದ ಇದ್ದ ಸ್ನಾತಕೋತ್ತರ ಕೇಂದ್ರ 2009ರಲ್ಲಿ ವಿಶ್ವವಿದ್ಯಾನಿಲಯವಾದದ್ದರಿಂದ ಇಂಥ ಅಧ್ಯಯನಗಳಿಗೆ ಹತ್ತಿರದಲ್ಲೇ ಆಸರೆ ದೊರೆತಿದೆ.

ಈ ಎರಡನೆಯ ದಾರಿ ತರಗತಿಯ ಆಚೆಗೂ ಚಾಚಿದೆ: 2019ರಲ್ಲಿ ಬಂದ ಕುಡಿಯುವ ನೀರಿನ ಯೋಜನೆ ಜಲಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಗೊತ್ತುಪಡಿಸಿತು. ಕಿಟ್ ತೋರಿಸುವುದು ಬಣ್ಣದ ಮಟ್ಟವನ್ನಷ್ಟೆ. ಸಂಶಯ ಬಂದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳಬೇಕು.