ನಡುಗಡಲಿನ ಮಾತಿಗೆ ಎಷ್ಟು ಬೆಲೆ?

ಕೆಲವು ವರ್ಷಗಳ ಹಿಂದೆ ನಾವು ಕುಟುಂಬಸಮೇತರಾಗಿ ಮುಂಬಯಿಯಿಂದ ಕೊಚ್ಚಿಗೆ ಹೋಗುವ ವಿಹಾರನೌಕೆಯೊಂದನ್ನು ಏರಿದ್ದೆವು. ಹೊನ್ನಾವರದ ಸಮೀಪದ ನಮ್ಮೂರಿನಲ್ಲಿದ್ದ ತಾಯಿಯವರಿಗೆ ನಾವು ಹಡಗು ಹತ್ತುವುದೇ ಇಷ್ಟವಿರಲಿಲ್ಲ. "ರಾತ್ರಿ ಮಲಗುವ ಮುಂಚೆ ಒಂದು ಫೋನು ಮಾಡಿ, ಅಷ್ಟೇ ಸಾಕು" ಎಂದಿದ್ದರು. ಬಂದರು ಹಿಂದೆ ಸರಿದು ಕೆಲವೇ ಗಂಟೆಗಳಲ್ಲಿ ಮೊಬೈಲು ಮೂಕವಾಯಿತು. ಹಡಗಿನ ಅಂತರ್ಜಾಲಕ್ಕೆ ಒಂದು ದಿನದ ದರ ಎಷ್ಟೆಂದು ವಿಚಾರಿಸಿದೆವು. ಅದು ನಮ್ಮ ಮನೆಯ ಎಲ್ಲರ ಒಂದು ತಿಂಗಳ ಫೋನ್ ಖರ್ಚನ್ನು ಮೀರುತ್ತಿತ್ತು. ನಾವು ಸರ್ಕಾರಿ ನೌಕರರು. ಲೆಕ್ಕ ಹಾಕಿ ಹಿಂದೆ ಸರಿದೆವು. ಮರುದಿನ ರಾತ್ರಿ ಹಡಗು ಉತ್ತರ ಕನ್ನಡದ ಕಡಲತೀರದ ಉದ್ದಕ್ಕೇ ಸಾಗುತ್ತಿತ್ತು. ಪೂರ್ವದ ಕತ್ತಲಲ್ಲಿ ಎಲ್ಲಿಯೋ ನಮ್ಮ ಮನೆಯಿತ್ತು. ಅಲ್ಲಿ ತಾಯಿಯವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಎರಡನೆಯ ರಾತ್ರಿಯೂ ಕುಳಿತೇ ಇದ್ದರೆಂಬುದು ನಮಗೆ ತಿಳಿದದ್ದು ಕೊಚ್ಚಿ ತಲುಪಿದ ಮೇಲೆ.

ಅಂದು ಉಳಿಸಿದ ಹಣದ ಬಗ್ಗೆ ನಮಗೆ ಈಗಲೂ ನಾಚಿಕೆಯಿದೆ. ಆ ನಾಚಿಕೆಯೇ ನಮ್ಮನ್ನು ಒಂದು ಪ್ರಶ್ನೆಯತ್ತ ತಿರುಗಿಸಿತು: ಕಡಲಿನ ಮೇಲಿದ್ದವರು ಮನೆಯವರೊಡನೆ ಮಾತನಾಡಲು ಹಿಂದೆಲ್ಲ ಎಷ್ಟು ಬೆಲೆ ತೆತ್ತಿದ್ದರು? ಆ ಬೆಲೆ ಇಳಿದದ್ದು ಯಾವಾಗ, ಯಾರಿಂದ?

ಮೊದಲು ಪತ್ರಗಳ ಕಾಲ. ಸಾಮ್ರಾಜ್ಯದ ಹಡಗುಗಳಿಗೆ ಪ್ರಯಾಣಿಕರಷ್ಟೇ ಮುಖ್ಯವಾಗಿದ್ದ ಇನ್ನೊಂದು ಸರಕು ಅಂಚೆಚೀಲ. ಮುಂಬಯಿಗೆ ಬರುತ್ತಿದ್ದ ಅಂಚೆಹಡಗುಗಳಲ್ಲಿ 1860ರ ದಶಕದ ಕೊನೆಯಿಂದ 1914ರ ಮಹಾಯುದ್ಧದವರೆಗೂ ‘ಸಮುದ್ರ ಅಂಚೆ ಕಚೇರಿ’ ಇತ್ತು. ತೂಗಾಡುವ ಹಡಗಿನಲ್ಲಿ ಗುಮಾಸ್ತರು ವಿಲಾಯಿತಿಯ ಪತ್ರಗಳನ್ನು ಊರುವಾರು ವಿಂಗಡಿಸಿಡುತ್ತಿದ್ದರು. ಹಡಗು ದಡ ಮುಟ್ಟಿದೊಡನೆ ಚೀಲಗಳು ರೈಲು ಹತ್ತಲೆಂದು ಈ ಏರ್ಪಾಟು. 1874ರಲ್ಲಿ ಬರ್ನ್ ನಗರದಲ್ಲಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ಬೀಜ ಬಿತ್ತು. 1876ರಲ್ಲಿ ಭಾರತವೂ ಅದನ್ನು ಸೇರಿತು. ನಡುಗಡಲಿನಲ್ಲಿ ಬರೆದ ಪತ್ರಕ್ಕೆ ಯಾವ ದೇಶದ ಅಂಚೆಚೀಟಿ ಹಚ್ಚಬೇಕು? ಈ ವಿಚಿತ್ರ ಪ್ರಶ್ನೆಗೆ 1891ರ ವಿಯೆನ್ನಾ ಅಧಿವೇಶನ ಉತ್ತರ ಕೊಟ್ಟಿತು: ತೆರೆದ ಕಡಲಿನಲ್ಲಿ ಹಡಗು ಹಾರಿಸುವ ಬಾವುಟದ ದೇಶದ್ದು. ಅಂಥ ಪತ್ರಗಳ ಮೇಲೆ ‘ಪ್ಯಾಕ್ಬೋ’ ಎಂಬ ಫ್ರೆಂಚ್ ಮೊಹರು ಬೀಳುತ್ತಿತ್ತು; ಇಂದಿಗೂ ಅಂಚೆಚೀಟಿ ಸಂಗ್ರಾಹಕರು ಅದನ್ನು ಹುಡುಕುತ್ತಾರೆ.

1898ರ ಕ್ರಿಸ್‌ಮಸ್ ದಿನ ಸಾಮ್ರಾಜ್ಯದ ಪೆನ್ನಿ ಅಂಚೆ ಜಾರಿಗೆ ಬಂತು. ಭಾರತದಿಂದ ಇಂಗ್ಲೆಂಡಿಗೆ ಅರ್ಧ ಔನ್ಸಿನ ಪತ್ರಕ್ಕೆ ಒಂದೇ ಆಣೆ ಎಂದಾಯಿತು. ಪತ್ರ ತಲುಪಲು ವಾರಗಳು ಬೇಕಾಗುತ್ತಿದ್ದವು, ನಿಜ. ಆದರೆ ಅದರಲ್ಲಿ ಎಷ್ಟು ಮಾತುಗಳಿವೆಯೆಂದು ಯಾರೂ ಎಣಿಸುತ್ತಿರಲಿಲ್ಲ. 1936ರಲ್ಲಿ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೊರಟ ಕಾಲಕ್ಕೂ ಏಡನ್, ಸುಯೆಜ್, ಪೋರ್ಟ್ ಸೈದ್‌ಗಳೆಂಬ ಬಂದರುಗಳೇ ಪ್ರಯಾಣಿಕನ ಅಂಚೆಡಬ್ಬಿಗಳು. ಮುಂದಿನ ಬಂದರು ಬರುವತನಕ ಪತ್ರ ಬೆಳೆಯುತ್ತಲೇ ಇರಬಹುದಿತ್ತು. ಕನ್ನಡಕ್ಕೆ ‘ಸಮುದ್ರಗೀತೆಗಳು’ ದೊರೆತದ್ದು ಇಂಥ ಬಿಡುವಿನ, ಇಂಥ ಮೌನದ ಯಾನಗಳ ಯುಗದಲ್ಲಿ.

ಮೌನವನ್ನು ಮುರಿದದ್ದು ಮಾರ್ಕೋನಿಯ ನಿಸ್ತಂತು. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಸಂಕೇತ ಬಂತು. ಒಂದು ದಶಕದೊಳಗೆ ದೊಡ್ಡ ಪ್ರಯಾಣಿಕ ಹಡಗುಗಳಲ್ಲೆಲ್ಲ ನಿಸ್ತಂತು ಕೋಣೆ ಕಾಣಿಸಿಕೊಂಡಿತು. ಪತ್ರದ ವಾರಗಳು ಗಂಟೆಗಳಾದವು. ಬೆಲೆಯೋ? 1912ರ ಟೈಟಾನಿಕ್‌ನಲ್ಲಿ ಮೊದಲ ಹತ್ತು ಪದಗಳಿಗೆ 12 ಶಿಲಿಂಗ್ 6 ಪೆನ್ಸ್, ಆಮೇಲಿನ ಪ್ರತಿ ಪದಕ್ಕೆ 9 ಪೆನ್ಸ್. ಆಗ ಒಂದು ಪೌಂಡಿಗೆ ಹದಿನೈದು ರೂಪಾಯಿ. ನಮ್ಮ ಲೆಕ್ಕದಲ್ಲಿ ಆ ಹತ್ತು ಪದಗಳ ಬೆಲೆ 9 ರೂಪಾಯಿ 6 ಆಣೆ, ಅಂದರೆ 150 ಆಣೆ. ಭಾರತದಿಂದ ಇಂಗ್ಲೆಂಡಿಗೆ ಒಂದಾಣೆಯ ಪತ್ರಗಳನ್ನು ಬರೆಯುವುದಾದರೆ ನೂರೈವತ್ತು ಪತ್ರಗಳ ಹಣ! ಅದೇ ಹಡಗಿನ ಮೂರನೆಯ ದರ್ಜೆಯ ಟಿಕೆಟಿಗೆ ಏಳೆಂಟು ಪೌಂಡು. ಹೊಟ್ಟೆಪಾಡಿಗಾಗಿ ಅಮೆರಿಕೆಗೆ ಹೊರಟವನು ಹತ್ತು ಪದ ಕಳಿಸಬೇಕಾದರೆ ತನ್ನ ಪ್ರಯಾಣದ ವೆಚ್ಚದ ಸುಮಾರು ಹನ್ನೆರಡನೆಯ ಒಂದು ಪಾಲನ್ನು ತೆರಬೇಕಿತ್ತು. ಆ ಯಂತ್ರ ಅವನಿಗಾಗಿ ಇರಲಿಲ್ಲ.

ದುಬಾರಿ ಮಾತಿನ ಇನ್ನೊಂದು ಅಪಾಯವನ್ನೂ ಅದೇ ಹಡಗು ತೋರಿಸಿತು. ನಿಸ್ತಂತು ಕೋಣೆಯ ಇಬ್ಬರು ತರುಣರು ಮಾರ್ಕೋನಿ ಕಂಪನಿಯ ನೌಕರರು. ಪ್ರಯಾಣಿಕರ ಖಾಸಗಿ ಸಂದೇಶಗಳೇ ಕಂಪನಿಯ ಆದಾಯ. ಯಂತ್ರ ಕೆಟ್ಟು, ದುರಸ್ತಿಯಾಗಿ, ಸಂದೇಶಗಳು ರಾಶಿ ಬಿದ್ದಿದ್ದವು. ಏಪ್ರಿಲ್ 14ರ ರಾತ್ರಿ ಜ್ಯಾಕ್ ಫಿಲಿಪ್ಸ್ ಅವನ್ನು ಕೇಪ್ ರೇಸ್ ಠಾಣೆಗೆ ಕಳಿಸುತ್ತಿದ್ದಾಗ ಸಮೀಪದ ಕ್ಯಾಲಿಫೋರ್ನಿಯನ್ ಹಡಗಿನಿಂದ ಹಿಮಗಡ್ಡೆಗಳ ಸುದ್ದಿ ಬಂತು. ಫಿಲಿಪ್ಸ್ ಬೇಸತ್ತು ಅವರನ್ನು ಸುಮ್ಮನಿರಿಸಿದ. ಆ ಹಡಗಿನ ಒಬ್ಬನೇ ನಿಸ್ತಂತುಗಾರ ಯಂತ್ರ ನಿಲ್ಲಿಸಿ ಮಲಗಲು ಹೋದ. ಕೆಲವೇ ನಿಮಿಷಗಳಲ್ಲಿ, 11 ಗಂಟೆ 40 ನಿಮಿಷಕ್ಕೆ, ಟೈಟಾನಿಕ್ ಹಿಮಕ್ಕೆ ಬಡಿಯಿತು. ಫಿಲಿಪ್ಸ್ ಕೊನೆಯವರೆಗೂ ಸಹಾಯಕ್ಕಾಗಿ ಕರೆ ಕಳಿಸುತ್ತಲೇ ಇದ್ದು ಪ್ರಾಣ ಬಿಟ್ಟವನು; ಅವನನ್ನು ದೂಷಿಸುವುದು ನ್ಯಾಯವಲ್ಲ. ಪದಕ್ಕಿಷ್ಟು ಎಂದು ಮಾರುವ ಅಂಗಡಿಯನ್ನೂ ಪ್ರಾಣ ಕಾಯುವ ಕಾವಲುಗೋಪುರವನ್ನೂ ಒಂದೇ ಕೋಣೆಯಲ್ಲಿಟ್ಟ ವ್ಯವಸ್ಥೆಯೇ ಅಲ್ಲಿ ಎಡವಿದ್ದು. ಹಡಗುಗಳು ಹಗಲಿರುಳೂ ಅಪಾಯದ ಕರೆಗೆ ಕಿವಿಗೊಟ್ಟಿರಬೇಕೆಂಬ ಒತ್ತಾಯಕ್ಕೆ ಬಲ ಬಂದದ್ದು ಈ ದುರಂತದ ನಂತರ.

ಬೆಲೆ ಹೆಚ್ಚಾದಲ್ಲಿ ಜಾಣತನವೂ ಹುಟ್ಟುತ್ತದೆ. ವ್ಯಾಪಾರಿಗಳು ಸಂಕೇತಕೋಶಗಳನ್ನು ಇಟ್ಟುಕೊಂಡು ಇಡೀ ವಾಕ್ಯವನ್ನು ಒಂದೇ ಪದಕ್ಕೆ ಇಳಿಸುತ್ತಿದ್ದರು. ನಮ್ಮ ತಂತಿ ಇಲಾಖೆಯಲ್ಲಿ ಹಬ್ಬಕ್ಕೊಂದು, ಮದುವೆಗೊಂದು ಶುಭಾಶಯದ ಸಂಖ್ಯೆಯಿದ್ದುದನ್ನು ನಮ್ಮ ತಲೆಮಾರಿನ ಓದುಗರು ಮರೆತಿರಲಾರರು. ಅದೂ ಇದೇ ಜಾಡಿನದು. ಕಡಲಿನಲ್ಲಿ ಇನ್ನೂ ಸೊಗಸಾದ ಉಪಾಯವೊಂದಿತ್ತು, ‘ಸಾಗರಪತ್ರ’. ಪ್ರಯಾಣಿಕ ಬರೆದುದನ್ನು ತೀರಕ್ಕೆ ಕಳಿಸದೆ, ಎದುರು ದಿಕ್ಕಿನಲ್ಲಿ ಊರ ಕಡೆಗೆ ಹೊರಟ ಹಡಗಿಗೆ ನಿಸ್ತಂತುವಿನಲ್ಲಿ ಹೇಳುತ್ತಿದ್ದರು. ಅಲ್ಲಿಯವರು ಅದನ್ನು ಬರೆದುಕೊಂಡು, ತಾವು ಮುಟ್ಟುವ ಮೊದಲ ಬಂದರಿನಲ್ಲಿ ಅಂಚೆಗೆ ಹಾಕುತ್ತಿದ್ದರು. ತಂತಿಗಿಂತ ನಿಧಾನ, ಆದರೆ ಬಹಳ ಅಗ್ಗ. ಊರಿಗೆ ಹೊರಟ ಬಸ್ಸಿನ ಚಾಲಕನ ಕೈಗೆ ಚೀಟಿ ಕೊಟ್ಟು ಕಳಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಉಪಾಯ ಚೆನ್ನಾಗಿ ಅರ್ಥವಾಗುತ್ತಿತ್ತು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 1929ರ ಡಿಸೆಂಬರಿನಲ್ಲಿ ಲೆವಿಯಾಥನ್ ಎಂಬ ಹಡಗಿನಿಂದ ಪ್ರಯಾಣಿಕರು ತೀರಕ್ಕೆ ದೂರವಾಣಿಯಲ್ಲಿ ಮಾತನಾಡುವ ವಾಣಿಜ್ಯ ಸೇವೆ ಆರಂಭವಾಯಿತು. 1979ರಲ್ಲಿ ಇನ್‌ಮಾರ್ಸ್ಯಾಟ್ ಎಂಬ ಅಂತರಸರ್ಕಾರಿ ಸಂಸ್ಥೆ ಹುಟ್ಟಿ, ಕಡಲಿನ ಮಾತು ಉಪಗ್ರಹಗಳಿಗೆ ವರ್ಗವಾಯಿತು. 1999ರ ಹೊತ್ತಿಗೆ ಹಡಗುಗಳ ಅಪಾಯಸೂಚನೆಯಿಂದ ಮೋರ್ಸ್ ನಿವೃತ್ತವಾಯಿತು. 2013ರ ಜುಲೈಯಲ್ಲಿ ನಮ್ಮ ದೇಶದ ತಂತಿಯೂ ಕಣ್ಣುಮುಚ್ಚಿತು. ಯಂತ್ರಗಳು ಬದಲಾದವು, ದುಬಾರಿತನ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ಕಾರಣ ಸರಳ. ನಡುಗಡಲಿನಲ್ಲಿ ಎರಡನೆಯ ಅಂಗಡಿಯಿಲ್ಲ.

ವಿಹಾರಕ್ಕೆ ಹೋದವರಿಗೆ ಇದು ನಾಲ್ಕು ದಿನದ ಅನನುಕೂಲ. ಹಡಗಿನಲ್ಲಿ ದುಡಿಯುವವರಿಗೆ ಹಾಗಲ್ಲ. ಮಂಗಳೂರು, ಉಡುಪಿ, ಕಾರವಾರಗಳ ಎಷ್ಟೋ ಮನೆಗಳ ಮಕ್ಕಳು ವಿಹಾರನೌಕೆಗಳ ಅಡುಗೆಮನೆಗಳಲ್ಲಿ, ಊಟದ ಸಾಲೆಗಳಲ್ಲಿ, ಯಂತ್ರಕೋಣೆಗಳಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಮಗು ಹುಟ್ಟಿದ್ದೂ ತಂದೆ ತೀರಿಕೊಂಡದ್ದೂ ಅವರಿಗೆ ಮುಟ್ಟುವುದು ಇದೇ ದಾರಿಯಲ್ಲಿ. 2006ರಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಕಡಲ ಕಾರ್ಮಿಕರ ಒಡಂಬಡಿಕೆ ದೂರವಾಣಿ, ಮಿಂಚಂಚೆ, ಅಂತರ್ಜಾಲಗಳು ಅವರಿಗೆ ದೊರೆಯಬೇಕು, ಶುಲ್ಕವಿದ್ದರೆ ನ್ಯಾಯವಾದಷ್ಟೇ ಇರಬೇಕು ಎಂದು ಮಾರ್ಗಸೂಚಿ ಕೊಟ್ಟಿತು. ಭಾರತ ಅದನ್ನು 2015ರಲ್ಲಿ ಅನುಮೋದಿಸಿತು. 2020ರ ಮಹಾಮಾರಿಯಲ್ಲಿ ಬಂದರುಗಳು ಬಾಗಿಲು ಮುಚ್ಚಿ, ಲಕ್ಷಾಂತರ ನಾವಿಕರು ಅವಧಿ ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಉಳಿದಾಗ, ಮನೆಯ ದನಿ ಸೌಕರ್ಯವಲ್ಲ, ಅಗತ್ಯ ಎಂಬುದು ಲೋಕಕ್ಕೆ ಮನವರಿಕೆಯಾಯಿತು. 2022ರ ತಿದ್ದುಪಡಿ ನಾವಿಕರ ಸಾಮಾಜಿಕ ಸಂಪರ್ಕವನ್ನು ನಿಯಮದ ಭಾಗವನ್ನಾಗಿಸಿತು. 2024ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು.

ಈಗ ಕೆಳಕಕ್ಷೆಯ ಉಪಗ್ರಹಗಳು ಬಂದಿವೆ. ಹಡಗಿನ ಅಂತರ್ಜಾಲ ಮೊದಲಿಗಿಂತ ಚುರುಕಾಗಿದೆ. ಆದರೂ ಹೊರಡುವವರಿಗೆ ನಮ್ಮ ಎರಡು ಮಾತು. ದಡ ಬಿಟ್ಟೊಡನೆ ಮೊಬೈಲನ್ನು ವಿಮಾನ ಸ್ಥಿತಿಯಲ್ಲಿಡಿ. ಇಲ್ಲವಾದರೆ ಅದು ತಾನಾಗಿ ಹಡಗಿನದೇ ಮೊಬೈಲ್ ಜಾಲವನ್ನು ಹಿಡಿದು, ಊರಿನ ಯೋಜನೆಗೆ ಒಳಪಡದ ದರದಲ್ಲಿ ಬಿಲ್ಲು ಬೆಳೆಸಬಹುದು. ದೀರ್ಘ ಮಾತುಕತೆಯನ್ನು ಬಂದರಿಗೆ ಇಟ್ಟುಕೊಂಡು, ಕಡಲಿನ ಮೇಲಿಂದ ಒಂದು ಸಾಲು ಮಾತ್ರ ಕಳಿಸಿ. ಏಡನ್ನಿನಲ್ಲಿ ಪತ್ರ ಹಾಕುತ್ತಿದ್ದವರೂ ಇದನ್ನೇ ಮಾಡುತ್ತಿದ್ದರು.

ಈ ಚರಿತ್ರೆಯನ್ನು ಓದಿ ನಮಗೆ ಅನ್ನಿಸಿದ್ದಿಷ್ಟು. ಹೊಸ ಯಂತ್ರ ಮಾತನ್ನು ವೇಗಗೊಳಿಸಿತು. ಎಲ್ಲರ ಕೈಗೆಟುಕುವಂತೆ ಮಾಡಿದ್ದು ಬಹುಮಟ್ಟಿಗೆ ಒಂದಾಣೆಯ ಅಂಚೆ, ದೇಶದೇಶಗಳ ಒಪ್ಪಂದ, ಎದುರಿನಿಂದ ಬರುವ ಹಡಗಿನ ಉಪಕಾರ. ಊರಿಂದ ದೂರ ಮುಂಬಯಿ, ದಿಲ್ಲಿ, ಚೆನ್ನೈಗಳಲ್ಲಿ ನೆಲೆಸಿರುವ ನಮ್ಮಂಥವರು ಎಸ್‌ಟಿಡಿ ಬೂತಿನ ಮುಂದೆ ರಾತ್ರಿಯ ಅಗ್ಗದ ದರಕ್ಕಾಗಿ ಕಾದು ನಿಂತವರು. ಅಂಕಿ ಏರುವುದನ್ನು ನೋಡುತ್ತ ತಾಯಿಯ ಮಾತನ್ನು ಅರ್ಧಕ್ಕೆ ತುಂಡರಿಸಿದವರು. ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊಚ್ಚಿಯ ಬಂದರಿನಿಂದ ಕರೆ ಮಾಡಿದಾಗ ತಾಯಿಯವರು ಕೇಳಿದ್ದು ಒಂದೇ ಪ್ರಶ್ನೆ: "ಊಟ ಆಯ್ತಾ?" ಅಷ್ಟನ್ನು ಕೇಳಲು ಅವರು ಎರಡು ರಾತ್ರಿ ಕಾದಿದ್ದರು.