ಬೇಕೇಬೇಕಾದದ್ದು ಮತ್ತು ಇದ್ದರೆ ಒಳ್ಳೆಯದು

ಕೊಯಿಲದ ನಮ್ಮ ಮನೆಯಲ್ಲಿ ಮಳೆಗಾಲವೆಂದರೆ ಕರೆಂಟು ಇದ್ದಾಗ ಬರವಣಿಗೆ, ಹೋದಾಗ ಓದು. ಕಳೆದ ಆಟಿ ತಿಂಗಳಲ್ಲಿ ನನ್ನ ಪಿಎಚ್‌ಡಿ ಕೆಲಸ ಒಂದು ಪೆನ್‌ಡ್ರೈವ್‌ನ ಮುಂದೆ ನಿಂತುಬಿಟ್ಟಿತು. ತಾಳಮದ್ದಳೆಯ ಹಿರಿಯ ಅರ್ಥಧಾರಿಯೊಬ್ಬರು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ‘ನುಡಿ’ಯಲ್ಲಿ ಟೈಪ್ ಮಾಡಿಸಿಟ್ಟ ಟಿಪ್ಪಣಿಗಳು ಅದರಲ್ಲಿದ್ದವು. ಅವರು ಈಗಿಲ್ಲ, ಬೇರೆ ಪ್ರತಿಯೂ ಇಲ್ಲ. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕಂಡದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದು ನಮ್ಮ ಮೇಜಿಗೆ ಬರಲು ಮಾತ್ರ ಬಹಳ ವರ್ಷ ಹಿಡಿಯಿತು. ಆ ನಡುವೆ 1998ರಲ್ಲಿ ಬಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ಸಾಗಿಸಿದವು. ಆ ಫಾಂಟ್ ಇದ್ದಲ್ಲಿ ಮಾತ್ರ ಅದು ಕನ್ನಡ. ಎರಡೂ ವಿಂಡೋಸ್‌ಗಾಗಿ ಬರೆದವು.

ಹಳೆಯ ಸಂಕೇತವನ್ನು ಯುನಿಕೋಡ್‌ಗೆ ತಿರುಗಿಸುವ ಪುಟ್ಟ ಮುಕ್ತ ತಂತ್ರಾಂಶವೊಂದು ಸಿಕ್ಕಿತು. ಪೈಥಾನ್‌ನಲ್ಲಿ ಬರೆದದ್ದು. ಇನ್‌ಸ್ಟಾಲ್ ಮಾಡಹೊರಟರೆ, ‘ಪೈವಿನ್32 ಸಿಗುತ್ತಿಲ್ಲ’ ಎಂದು ಅರ್ಧದಲ್ಲೇ ನಿಂತಿತು. ಪೈವಿನ್32 ವಿಂಡೋಸ್‌ಗಷ್ಟೇ ಇರುವ ಲೈಬ್ರರಿ. ಲಿನಕ್ಸ್‌ನಲ್ಲಿ ಸಿಗುವುದೇ ಇಲ್ಲ. ಕೋಡ್ ಓದಿ ನೋಡಿದೆ. ಅಕ್ಷರ ತಿರುಗಿಸುವ ಭಾಗಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ವರ್ಡ್ ಕಡತಗಳನ್ನು ತಾನಾಗಿ ತೆರೆಯುವ ಸೌಕರ್ಯಕ್ಕೆ ಮಾತ್ರ ಅದು ಬೇಕಿತ್ತು. ಬರೆದವರು ಅದನ್ನು ಎಲ್ಲರಿಗೂ ಬೇಕೇಬೇಕಾದವುಗಳ ಪಟ್ಟಿಗೆ ಸೇರಿಸಿದ್ದರು.

ಯಕ್ಷಗಾನ ಮೇಳದ ಲಾರಿ ನೆನಪಿಸಿಕೊಳ್ಳಿ. ಚೆಂಡೆ ಮದ್ದಳೆ ಇಲ್ಲದೆ ಲಾರಿ ಹೊರಡುವಂತಿಲ್ಲ. ಜನರೇಟರ್ ಬೇಕಾಗುವುದು ಕರೆಂಟಿಲ್ಲದ ಗದ್ದೆಯ ಆಟಕ್ಕೆ. ಜನರೇಟರ್ ಸಿಗಲಿಲ್ಲವೆಂದು ಕರೆಂಟಿರುವ ಊರಿನ ಆಟವನ್ನೂ ಯಾರಾದರೂ ರದ್ದು ಮಾಡುತ್ತಾರೆಯೇ?

ತಂತ್ರಾಂಶವನ್ನು ಕಟ್ಟಿ ಹಂಚುವವರು ಈ ವಿವೇಕವನ್ನು ನಿಯಮವಾಗಿಯೇ ಬರೆದಿಟ್ಟಿದ್ದಾರೆ. 1993ರಲ್ಲಿ ಆರಂಭವಾದ ಡೆಬಿಯನ್‌ನಲ್ಲಿ ಅವಲಂಬನೆಗೆ ಮೂರು ಮುಖ್ಯ ದರ್ಜೆಗಳಿವೆ: ‘ಡಿಪೆಂಡ್ಸ್’ ಎಂದರೆ ಬೇಕೇಬೇಕು, ‘ರೆಕಮೆಂಡ್ಸ್’ ಎಂದರೆ ಸಾಮಾನ್ಯವಾಗಿ ಜೊತೆಗಿರಬೇಕು, ‘ಸಜೆಸ್ಟ್ಸ್’ ಎಂದರೆ ಇದ್ದರೆ ಒಳ್ಳೆಯದು. ಪೈಥಾನ್‌ನಲ್ಲಿ ‘ವಿಂಡೋಸ್ ಆದರೆ ಮಾತ್ರ ಇದನ್ನು ತಾ’ ಎಂದು ಲೈಬ್ರರಿಯ ಹೆಸರಿನ ಪಕ್ಕದಲ್ಲೇ ಷರತ್ತು ಬರೆಯಬಹುದು. 2015ರ ಪೆಪ್ 508 ಎಂಬ ಪ್ರಸ್ತಾವ ಆ ಷರತ್ತಿಗೆ ಖಚಿತ ವ್ಯಾಕರಣ ಕೊಟ್ಟಿತು.

ನಾನು ಮಾಡಿದ್ದು ಅಷ್ಟೇ, ಒಂದು ಸಾಲಿಗೆ ಷರತ್ತು ಸೇರಿಸಿದೆ. ಲೈಬ್ರರಿ ಇಲ್ಲದಿದ್ದರೆ ವರ್ಡ್ ಕಡತಗಳನ್ನು ಬಿಟ್ಟು ಮುಂದೆ ಹೋಗುವಂತೆ ಕೋಡನ್ನೂ ತಿದ್ದಿದೆ. ಓಡಿತು. ಸಂಜೆ ಎಣಿಸಿದಾಗ ಗೊತ್ತಾಯಿತು, ಪೆನ್‌ಡ್ರೈವ್‌ನಲ್ಲಿದ್ದಷ್ಟು ಕಡತಗಳು ಹೊರಗೆ ಬಂದಿರಲಿಲ್ಲ. ಬಿಟ್ಟದ್ದನ್ನು ಬಿಟ್ಟೆನೆಂದು ಅದು ಹೇಳಿರಲಿಲ್ಲ, ಹೇಳಲು ನಾನು ಕಲಿಸಿಯೂ ಇರಲಿಲ್ಲ. ಐಚ್ಛಿಕವಾದದ್ದು ಇಲ್ಲದಿದ್ದರೆ ಕೆಲಸ ನಿಲ್ಲಬಾರದು, ಸರಿ. ಆದರೆ ಏನು ಉಳಿಯಿತೆಂದು ಹೇಳದೆ ಮುಗಿಯಲೂಬಾರದು. ಎಚ್ಚರಿಕೆಯ ಒಂದು ಸಾಲು ಸೇರಿಸಿ, ಉಳಿದ ಕಡತಗಳನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ಸರಳ ಪಠ್ಯವಾಗಿ ಉಳಿಸಿ, ಮತ್ತೆ ಓಡಿಸಿದೆ.

ಯಾವುದು ಯಾವುದಕ್ಕೆ ಅಂಟಿಕೊಂಡಿರಬೇಕು ಎಂಬ ಈ ಪ್ರಶ್ನೆ ಕನ್ನಡ ಗಣಕದ ಚರಿತ್ರೆಗೆ ಹೊಸದಲ್ಲ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಉಚಿತವಾಗಿ ಹಂಚಿದ ತಂತ್ರಾಂಶಕ್ಕೆ ನಮ್ಮ ಪುತ್ತೂರು ಸೀಮೆಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟಿದ್ದರು. ಆ ‘ಸೇಡಿಯಾಪು’ ಓಡುತ್ತಿದ್ದ ಕಂಪ್ಯೂಟರುಗಳ ಕಾಲ ಮುಗಿಯಿತು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಉಳಿಯಿತು. ಯಾವ ಕೀಲಿಗೆ ಯಾವ ಅಕ್ಷರ ಎಂಬ ಲೆಕ್ಕಾಚಾರ ಯಾವ ಕಂಪೆನಿಯ ಯಂತ್ರಕ್ಕೂ ಅಂಟಿಕೊಂಡಿರಲಿಲ್ಲ. ಅದು ಸರ್ಕಾರದ ಮಾನ್ಯತೆ ಪಡೆಯಿತು, ‘ನುಡಿ’ಗೆ ಬಂತು, ಇಂದು ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಲ್ಲೇ ಸಿಗುತ್ತದೆ. ಈ ಲೇಖನವನ್ನು ಟೈಪಿಸಿದ್ದೂ ಅದರಲ್ಲೇ.

ತಿದ್ದಿದ ಸಾಲುಗಳನ್ನು ತಂತ್ರಾಂಶ ಬರೆದವರಿಗೆ ಕಳಿಸಿದ್ದೇನೆ. ಇನ್ನೊಂದು ಊರಿನಲ್ಲಿ ಇನ್ನೊಂದು ಪೆನ್‌ಡ್ರೈವ್ ಇರಬಹುದಲ್ಲ. ಅಂದು ರಾತ್ರಿ ಕರೆಂಟು ಹೋಗುವ ಮೊದಲು ಎಲ್ಲ ಕಡತಗಳೂ ಕನ್ನಡವಾದವು. ಪರದೆಯ ಮೇಲೆ ಮೊದಲು ಮೂಡಿದ ಪದ ‘ಕರ್ಣ’.