ಸುತ್ತು: ಮೇಟಿಯಿಂದ ಮೀಟರಿನವರೆಗೆ

ಟ್ರ್ಯಾಕ್ಟರಿನ ಆರ್‌ಪಿಎಂ ಮೀಟರ್ ತೋರಿಸುವುದು ಏನನ್ನು ಎಂದು ತೊರಗಲ್ ಸೀಮೆಯ ಯಾವ ಮಿಸ್ತ್ರಿಯನ್ನು ಕೇಳಿದರೂ ತಡವರಿಸದೆ ಹೇಳಿಬಿಡುತ್ತಾನೆ: ‘ಇಂಜಿನ್ ಮಿನಿಟಿಗೆ ಎಷ್ಟ ಸುತ್ತ ತಿರಗತೈತಿ ಅನ್ನೂದನ್ನ.’ ಅದರ ಟ್ಯಾಕೋಮೀಟರ್ ಎಂಬ ಹೆಸರೋ ಗ್ರೀಕರ ‘ತಾಖೋಸ್’, ಎಂದರೆ ವೇಗ, ಎಂಬುದರ ಮೇಲೆ ಕಟ್ಟಿದ್ದು. ಆದರೆ ಅದರ ಮುಳ್ಳಿಗೆ ಗಾಡಿಯ ಓಟದ ಗೊಡವೆಯೇ ಇಲ್ಲ, ಗಾಡಿ ನಿಂತಲ್ಲೇ ನಿಂತು ಗುರುಗುಟ್ಟಿದರೂ ಅದು ಏರುತ್ತದೆ, ಇಳಿಯುತ್ತದೆ. ಗ್ರೀಕ್ ಹೆಸರಿಗಿಂತ ಮಿಸ್ತ್ರಿಯ ಮಾತೇ ವಸ್ತುವಿಗೆ ಹತ್ತಿರ. ಆ ಮಾತಿನ ನಡುವೆ ಕೂತಿರುವ ‘ಸುತ್ತು’ ಪದಪ್ರಿಯರಾದ ನಮ್ಮನ್ನು ತಡೆದು ನಿಲ್ಲಿಸುವಂಥದ್ದು.

ದ್ರಾವಿಡ ಮನೆತನದ ಹಳೆಯ ಪದವಿದು. ತಮಿಳಿನಲ್ಲಿ ‘ಚುಱ್ಱು’, ತೆಲುಗಿನಲ್ಲಿ ‘ಚುಟ್ಟು’, ನಮ್ಮಲ್ಲಿ ‘ಸುತ್ತು’. ತಮಿಳಿನ ‘ಱ್ಱ’ ಕನ್ನಡದಲ್ಲಿ ‘ತ್ತ’ ಆಗುವುದು ವಾಡಿಕೆಯೇ. ಅಲ್ಲಿಯ ‘ಪಱ್ಱು’ ಇಲ್ಲಿ ‘ಪತ್ತು’ ಆಗಿ, ಮುಂದೆ ಪಕಾರ ಹಕಾರಕ್ಕೆ ಹೊರಳಿ, ಬೆಂಕಿ ‘ಹತ್ತು’ವಂತಾಯಿತಲ್ಲ, ಹಾಗೆ. ತಮಿಳರು ತಮ್ಮ ಸುತ್ತ ಇರುವ ಬಂಧುಬಳಗವನ್ನೇ ‘ಚುಱ್ಱಂ’ ಎಂದರು, ತೆಲುಗರು ನೆಂಟನನ್ನು ‘ಚುಟ್ಟಂ’ ಎಂದರು. ನಾವು ಮಾತ್ರ ನೆಂಟರನ್ನು ಈ ಪದದಿಂದ ಹೊರಗಿಟ್ಟು, ಆ ಜಾಗವನ್ನು ಸುತ್ತಮುತ್ತಲಿನವರಿಗೆ ಬಿಟ್ಟುಕೊಟ್ಟೆವು.

ಹಳಗನ್ನಡದಲ್ಲಿ ಅದಕ್ಕೆ ಒಡನಾಡಿಗಳೂ ಇದ್ದರು. ಸುತ್ತುವರಿ ಎಂಬರ್ಥದ ‘ಬಳಸು’ ಇಂದು ಉಪಯೋಗಿಸು ಎಂಬ ಕೆಲಸಕ್ಕೇ ಹೆಚ್ಚಾಗಿ ಮೀಸಲಾಗಿ, ಹಳೆಯ ಅರ್ಥವನ್ನು ‘ಬಳಸುದಾರಿ’ಯಲ್ಲೂ ‘ಸುತ್ತುಬಳಸಿ’ ಆಡುವ ಮಾತಿನಲ್ಲೂ ಉಳಿಸಿಕೊಂಡಿದೆ. ‘ಸುೞಿ’ ತನ್ನ ೞಕಾರವನ್ನು ಕಳೆದುಕೊಂಡು ಸುಳಿಗಾಳಿಯಲ್ಲಿ, ಹೊಳೆಯ ಮಡುವಿನಲ್ಲಿ, ಎತ್ತು ಕೊಳ್ಳುವವರು ಕಣ್ಣು ಕಿರಿದು ಮಾಡಿ ಹುಡುಕುವ ಕೂದಲ ಸುಳಿಯಲ್ಲಿ ನಿಂತಿತು. ಉಳಿದದ್ದು ‘ತಿರುಗು’. ಇದಕ್ಕೂ ಸುತ್ತಿಗೂ ಇರುವ ಅಂತರ ಸೂಕ್ಷ್ಮವಾದದ್ದು. ತಿರುಗುವುದು ಅರ್ಧಕ್ಕೇ ನಿಲ್ಲಬಹುದು, ಮುಖ ಹೊರಳಿಸಿದರೂ ತಿರುಗಿದಂತೆಯೇ. ಸುತ್ತು ಹೊರಟಲ್ಲಿಗೆ ಬಂದು ಮುಟ್ಟಲೇಬೇಕು. ಆದ್ದರಿಂದಲೇ ‘ಒಂದು ತಿರುಗು, ಎರಡು ತಿರುಗು’ ಎಂದು ನಾವು ಎಣಿಸುವುದಿಲ್ಲ. ಒಂದು ಸುತ್ತು, ಎರಡು ಸುತ್ತು ಎನ್ನುತ್ತೇವೆ. ಮಿಸ್ತ್ರಿಯ ವಾಕ್ಯದಲ್ಲಿ ಎರಡೂ ಇವೆ ನೋಡಿ: ಕ್ರಿಯೆ ತಿರುಗುವುದು, ಲೆಕ್ಕ ಸುತ್ತು.

ಈ ಒಂದೇ ಪದದೊಳಗೆ ಎರಡು ಸ್ವಭಾವಗಳು ಹೊಂದಿಕೊಂಡು ಬಾಳುತ್ತಿವೆ. ಒಂದು, ಮೈಯೇ ವಸ್ತುವಿನ ಸುತ್ತ ಹೋಗುವುದು: ಗುಡಿ ಸುತ್ತುವುದು, ಊರು ಸುತ್ತುವುದು, ಸವದತ್ತಿಯ ಎಲ್ಲಮ್ಮನಿಗೆ ದೀಡ ನಮಸ್ಕಾರ ಹಾಕುತ್ತ ಸುತ್ತುವರಿಯುವುದು. ಇನ್ನೊಂದು, ಬೇರೆಯದನ್ನು ಒಂದರ ಮೈಗೆ ಸುತ್ತುವುದು: ತಲೆಗೆ ರುಮಾಲು, ಬುಗುರಿಗೆ ಚಾಟಿ, ತೆಂಡು ಎಲೆಯಲ್ಲಿ ತಂಬಾಕು, ಮದುವೆಯ ಮನೆಯಲ್ಲಿ ತಂಬಿಗೆಗಳಿಗೆ ನೂಲು. ಈ ಕಡೆಯ ಲಿಂಗಾಯತ ಮದುವೆಗಳಲ್ಲಿ ‘ಸುರಗಿ ಸುತ್ತುವುದು’ ಎಂದರೆ ಆ ನೂಲಿನ ಶಾಸ್ತ್ರವೇ. ಮೊದಲಿನ ಸುತ್ತು ಮುಗಿದೊಡನೆ ಕಾಣೆಯಾಗುತ್ತದೆ, ಎಷ್ಟು ಹಾಕಿದೆವೆಂದು ತಿಳಿಯಲು ಬೆರಳು ಮಡಿಸಬೇಕು, ಕಾಳು ಎತ್ತಿಡಬೇಕು. ಎರಡನೆಯದು ವಸ್ತುವಿನ ಮೇಲೆ ಉಳಿಯುತ್ತದೆ, ಬಿಡಿಸಿ ಎಣಿಸಬಹುದು. ಏಳು ಸುತ್ತಿನ ಕೋಟೆ, ಏಳು ಸುತ್ತಿನ ಮಲ್ಲಿಗೆ, ಉಗುರುಸುತ್ತು, ಸುತ್ತುಂಗುರ ಎಲ್ಲವೂ ಈ ಉಳಿದ ಸುತ್ತಿನ ಸಂತಾನ. ‘ಮೂರು ಸುತ್ತು ಗುಂಡು ಹಾರಿಸಿದರು’, ‘ಎರಡನೇ ಸುತ್ತಿನ ಮತ ಎಣಿಕೆ’ ಎಂಬ ಪತ್ರಿಕೆಯ ಸುತ್ತುಗಳು ಇಂಗ್ಲಿಷಿನ ರೌಂಡನ್ನು ಹಿಂಬಾಲಿಸಿ ಬಂದವು. ಸರ್ಕಾರದ ‘ಸುತ್ತೋಲೆ’ಯೂ ಸರ್ಕ್ಯುಲರ್ ಎಂಬುದರ ಕನ್ನಡ ರೂಪ, ಆದರೆ ಎಂಥ ಚೆಲುವಾದ ರೂಪ! ರೆವಲ್ಯೂಷನ್ ವಿಷಯದಲ್ಲಿ ನಾವು ಜಾಣರಾದೆವು: ಇಂಜಿನ್ನಿನದಕ್ಕೆ ಸುತ್ತು, ಕಿತ್ತೂರಿನಲ್ಲಿ 1824ರಲ್ಲಿ ಎದ್ದಂಥದ್ದಕ್ಕೆ ಕ್ರಾಂತಿ.

ಕಾಣೆಯಾಗುವ ಸುತ್ತಿಗೆ ಈ ನೆಲದಲ್ಲಿ ದೊಡ್ಡ ಮನೆಯೆಂದರೆ ಕಣ. ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ರಾತ್ರಿಯೆಲ್ಲ ಹಾಡು ಹೇಳುತ್ತ ತೆನೆ ತುಳಿಸುವುದೇ ಹಂತಿ. ಸಾಲು ಎಂಬರ್ಥದ ‘ಪಂತಿ’ಯೇ ಹಂತಿಯಾದದ್ದು. ಅಲ್ಲಿ ಸುತ್ತು ಎಣಿಸುವ ಅಗತ್ಯವಿರಲಿಲ್ಲ, ಕಾಳು ಉದುರಿದರೆ ಸಾಕು. ಈಗ ಜೋಳ, ಕಡಲೆಯ ರಾಶಿಯನ್ನು ಟ್ರ್ಯಾಕ್ಟರಿಗೆ ಜೋಡಿಸಿದ ಯಂತ್ರ ಮಾಡುತ್ತದೆ, ಎಣಿಕೆಯೂ ಅದರೊಂದಿಗೇ ಕಣಕ್ಕೆ ಬಂತು: ಆ ಯಂತ್ರವನ್ನು ನಡೆಸುವ ಹಿಂಬದಿಯ ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು ತಿರುಗಬೇಕು, ಕಡಿಮೆಯಾದರೆ ಕಾಳು ತೆನೆಯಲ್ಲೇ ಉಳಿಯುತ್ತದೆ, ಹೆಚ್ಚಾದರೆ ಒಡೆಯುತ್ತದೆ. ಇಂಜಿನ್ ಎಷ್ಟಕ್ಕೆ ಬಂದರೆ ದಂಡ 540ಕ್ಕೆ ಬರುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಮುಳ್ಳು ನೋಡದೆ ಸದ್ದಿನಲ್ಲೇ ಅಂದಾಜು ಮಾಡುವ ಹಳಬರಿದ್ದಾರೆ, ಅವರ ಕಿವಿಗೆ ನಮಸ್ಕಾರ. ಉಳಿದವರಿಗೆ ಮೀಟರ್ ಬೇಕು.

ಹಳೆಯ ಟ್ರ್ಯಾಕ್ಟರಿನ ಮೀಟರು ಇಂಜಿನ್ನಿನಿಂದ ಬರುವ ತಿರುಗುವ ಕೇಬಲ್ಲಿನಿಂದ ನಡೆಯುತ್ತದೆ. ಕೇಬಲ್ ಹರಿದರೆ ಕೆಲವರು ಪೇಟೆಯಿಂದ ಕರೆಂಟಿನಿಂದ ನಡೆಯುವ ಆರ್‌ಪಿಎಂ ಮೀಟರನ್ನು ತಂದು ಕೂಡಿಸುತ್ತಾರೆ. ನಮ್ಮ ಪದದ ಎರಡು ಸ್ವಭಾವಗಳು ಭೇಟಿಯಾಗುವುದು ಇಲ್ಲಿ. ಹೊಸ ಮೀಟರಿನ ನಾಲ್ಕು ವಾಯರುಗಳಲ್ಲಿ ಒಂದು ಚಾವಿ ತಿರುವಿದಾಗ ಮಾತ್ರ ಕರೆಂಟ್ ಬರುವ ಕಡೆಗೆ, ನಡುವೆ ಫ್ಯೂಸ್ ಇಟ್ಟು. ಒಂದು ಅರ್ಥಿಂಗಿಗೆ, ಬಣ್ಣ ಕೆರೆದ ಬರಿಯ ಕಬ್ಬಿಣಕ್ಕೆ. ಒಂದು ಮೀಟರಿನ ದೀಪಕ್ಕೆ. ನಾಲ್ಕನೆಯದು ಸುದ್ದಿ ತರುವುದು. ಪೆಟ್ರೋಲ್ ಕಾರಿನ ಹಳೆಯ ಪದ್ಧತಿಯಲ್ಲಾದರೆ ಅದು ಇಗ್ನಿಷನ್ ಕಾಯಿಲಿನ ಮೈನಸ್ ತುದಿಗೆ ಹೋಗುತ್ತದೆ, ನಾಲ್ಕು ಸಿಲಿಂಡರಿನ ಇಂಜಿನ್ ಸುತ್ತಿಗೆ ಎರಡು ಕಿಡಿ ಕೊಡುವುದನ್ನು ಎಣಿಸುತ್ತದೆ. ಡೀಸೆಲಿನಲ್ಲಿ ಕಿಡಿಯೇ ಇಲ್ಲ. ಹಾಗಾಗಿ ಇಂಜಿನ್ನಿನೊಂದಿಗೆ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ‘ಡಬ್ಲ್ಯು’ ತುದಿಗೆ ಮೊರೆ. ಆ ತುದಿ ಇಲ್ಲದಿದ್ದರೆ ಒಳಗಿನ ಮೂರು ಸುರುಳಿಗಳಲ್ಲಿ ಒಂದರಿಂದ, ಡಯೋಡಿಗೆ ಮುಟ್ಟುವ ಮುನ್ನ, ಬೇರೆ ವಾಯರು ಬೆಸೆದು ತರುತ್ತಾರೆ. ಪಠ್ಯಪುಸ್ತಕ ಸುರುಳಿ ಎನ್ನುವ ಆ ವಸ್ತುವನ್ನೂ ಅಳೆಯುವುದು ಸುತ್ತಿನಿಂದಲೇ, ‘ಎಷ್ಟು ಸುತ್ತಿನ ಸುರುಳಿ?’ ಎಂದು; ಬೋರ್‌ವೆಲ್ ಮೋಟರು ಸುಟ್ಟಾಗ ವೈಂಡಿಂಗ್ ಮಾಡುವವರೂ ತಾಮ್ರದ ತಂತಿಯನ್ನು ಸುತ್ತು ಎಣಿಸಿಯೇ ಸುತ್ತುತ್ತಾರೆ. ಉಳಿದ ಸುತ್ತಿನ ಎದುರು, ಕಾಣೆಯಾಗುವ ಸುತ್ತಿನಲ್ಲಿ ಒಂದೊಂದು ಜೋಡಿ ಅಯಸ್ಕಾಂತ ಧ್ರುವ ಹಾಯ್ದುಹೋದಾಗಲೆಲ್ಲ ತಂತಿಯಲ್ಲಿ ಒಂದು ಅಲೆ ಏಳುತ್ತದೆ. ಆ ಅಲೆಗಳ ಲೆಕ್ಕಕ್ಕೆ ಶಾಸ್ತ್ರಗ್ರಂಥ ಕೊಟ್ಟ ಹೆಸರು ‘ಆವೃತ್ತಿ’, ಅದೂ ಸುತ್ತು ಎಂದೇ ಅರ್ಥವಿರುವ ‘ವೃತ್’ ಧಾತುವಿನದು.

ಲೆಕ್ಕ ಹೀಗೆ: ಇಂಜಿನ್ 1500 ಸುತ್ತಿನಲ್ಲಿರುವಾಗ ಪುಲಿಗಳ ಅಳತೆಯಿಂದಾಗಿ ಆಲ್ಟರ್ನೇಟರ್ 3000 ತಿರುಗುತ್ತಿದ್ದು, ಅದರ ಒಳಗೆ ಆರು ಜೋಡಿ ಧ್ರುವಗಳಿದ್ದರೆ, ಸೆಕೆಂಡಿಗೆ 300 ಅಲೆ. ಪುಲಿ ಬದಲಾದರೆ, ಬೆಲ್ಟ್ ಜಾರಿದರೆ ಲೆಕ್ಕ ಹಳಿ ತಪ್ಪುತ್ತದೆ. ಆದ್ದರಿಂದ ಕೂಡಿಸಿದ ಮೇಲೆ ಬಲ್ಲವರು ಇಂಜಿನ್ನಿನ ಮುಖ್ಯ ಪುಲಿಗೆ ಹೊಳೆಯುವ ಪಟ್ಟಿಯ ತುಣುಕೊಂದನ್ನು ಅಂಟಿಸಿ, ಬೆಳಕು ಬಿಟ್ಟು ಎಣಿಸುವ ಕೈಮೀಟರನ್ನು ಅದಕ್ಕೆ ಹಿಡಿದು, ಎರಡು ಅಂಕಿ ಒಂದಾಗುವವರೆಗೆ ಹೊಸ ಮೀಟರಿನ ಬೆನ್ನಿನ ಸ್ಕ್ರೂ ಹೊಂದಿಸುತ್ತಾರೆ. ಸ್ಟೇರಿಂಗ್ ಹಿಡಿದವನು ಮುಳ್ಳು ನೋಡುತ್ತ ಕೂಗುತ್ತಾನೆ, ‘ಇನ್ನೊಂದ ಅರ್ಧಾ ಸುತ್ತ ತಿರವೋ!’